ಹಿಂಡಿಯ ಚೀಲ ಮತ್ತು ಹಾಲಿನ ಲೋಟ

ಹಾಲಿನ ಬಗ್ಗೆ ನಮ್ಮಲ್ಲಿರುವ ಭಯವೆಲ್ಲ ಕಲಬೆರಕೆಯದು. ನೀರು ಬೆರೆಸಿದ್ದಾರೆ, ಯೂರಿಯಾ ಹಾಕಿದ್ದಾರೆ, ಸೋಪಿನ ಪುಡಿ ಕಲಸಿದ್ದಾರೆ ಎಂಬ ಸುದ್ದಿ ಹಬ್ಬಿದಾಗಲೆಲ್ಲ ಪೇಟೆಯ ಮನೆಗಳಲ್ಲಿ ಹಾಲಿನ ಪಾತ್ರೆಯ ಮೇಲೆ ಅನುಮಾನ ಹುಟ್ಟುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2018ರಲ್ಲಿ ದೇಶದ 1,103 ಪಟ್ಟಣ, ನಗರಗಳಿಂದ 6,432 ಹಾಲಿನ ಮಾದರಿ ತೆಗೆದು ಪರೀಕ್ಷೆ ಮಾಡಿಸಿತು. 2019ರ ಅಕ್ಟೋಬರ್‌ನಲ್ಲಿ ಫಲಿತಾಂಶ ಹೊರಬಂತು. ಕಲಬೆರಕೆಯಿಂದ ಕುಡಿಯಲು ಯೋಗ್ಯವಲ್ಲ ಎನಿಸಿಕೊಂಡವು ಅಷ್ಟರಲ್ಲಿ ಬರೀ 12. ಅಫ್ಲಾಟಾಕ್ಸಿನ್ ಎಂ1 ಎಂಬ ವಿಷ ಮಿತಿ ಮೀರಿದ್ದು 368ರಲ್ಲಿ, ಅಂದರೆ ನೂರಕ್ಕೆ ಹತ್ತಿರ ಹತ್ತಿರ ಆರರಲ್ಲಿ. ತಮಿಳುನಾಡು, ದೆಹಲಿ, ಕೇರಳ ಆ ಪಟ್ಟಿಯಲ್ಲಿ ಮುಂದಿದ್ದವು. ಈ ವಿಷವನ್ನು ಯಾರೂ ತಂದು ಹಾಲಿಗೆ ಸುರಿದಿರಲಿಲ್ಲ. ಹಸು, ಎಮ್ಮೆ ತಿಂದ ಹಿಂಡಿಯಿಂದ, ಕಾಳಿನಿಂದ ಅದು ಕೆಚ್ಚಲಿಗೆ ಇಳಿದಿತ್ತು.

ಕರ್ನಾಟಕದ ಹಾಲು ಒಕ್ಕೂಟಗಳ ಸಂಗ್ರಹ 2024ರಲ್ಲಿ ದಿನಕ್ಕೆ ಒಂದು ಕೋಟಿ ಲೀಟರ್ ಮುಟ್ಟಿತು. ಊರೂರಿನ ಡೇರಿಯಲ್ಲಿ ಬೆಳಿಗ್ಗೆ, ಸಂಜೆ ಹಾಲಿಗೆ ಪರೀಕ್ಷೆ ಉಂಟು. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಷ್ಟು ಎಂದು ನೋಡಿಯೇ ದುಡ್ಡು. ಆದರೆ ಆ ಹಾಲು ಕೊಟ್ಟ ಹಸುವಿನ ಗೋದಲಿಗೆ ಬಿದ್ದ ಹಿಂಡಿ, ಬೂಸಾ, ತೌಡು ಎಲ್ಲಿಂದ ಬಂದವು, ಯಾವ ಗೋದಾಮಿನಲ್ಲಿ ಎಷ್ಟು ಕಾಲ ಬಿದ್ದಿದ್ದವು, ಅವುಗಳಲ್ಲಿ ಏನೇನಿದೆ ಎಂದು ಕೇಳುವ ಪದ್ಧತಿ ಇಲ್ಲ. ಹೈನುಗಾರಿಕೆಯ ಖರ್ಚಿನಲ್ಲಿ ನೂರಕ್ಕೆ ಅರವತ್ತು ಎಪ್ಪತ್ತು ಪಾಲು ಮೇವಿಗೂ ಹಿಂಡಿಗೂ ಹೋಗುತ್ತದೆ. ರೈತ ಅತಿ ಹೆಚ್ಚು ದುಡ್ಡು ಸುರಿಯುವ ವಸ್ತುವೇ ಅತಿ ಕಡಿಮೆ ಪರೀಕ್ಷೆಗೆ ಒಳಗಾಗುತ್ತಿದೆ. ಪಶು ಆಹಾರದ ಸುರಕ್ಷತೆ, ಗುಣಮಟ್ಟ, ಪೋಷಣೆ ಎಂದು ಮೂರು ತಲೆಬರಹದಲ್ಲಿ ಚರ್ಚೆಯಾಗುವ ಸಂಗತಿಗಳೆಲ್ಲ ಈ ಒಂದು ಕೊರತೆಗೇ ಬಂದು ಸೇರುತ್ತವೆ ಎಂಬುದು ನನ್ನ ತಿಳಿವಳಿಕೆ.

ಅಫ್ಲಾಟಾಕ್ಸಿನ್ ಬೆಳಕಿಗೆ ಬಂದದ್ದೇ ಪಶು ಆಹಾರದ ದಾರಿಯಲ್ಲಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಕಾರಣ ತಿಳಿಯದೆ ಅದಕ್ಕೆ ‘ಟರ್ಕಿ ಎಕ್ಸ್ ರೋಗ’ ಎಂದು ಹೆಸರಿಟ್ಟರು. ಹುಡುಕುತ್ತಾ ಹೋದಾಗ ಬ್ರೆಜಿಲಿನಿಂದ ತರಿಸಿದ್ದ ಕಡಲೆಕಾಯಿ ಹಿಂಡಿ ಸಿಕ್ಕಿತು. ಆ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು, ಬೂಷ್ಟಿನಲ್ಲಿ ಯಕೃತ್ತನ್ನು ಕೆಡಿಸುವ ವಿಷ. ಬೂಷ್ಟಿನ ಹೆಸರಿನಿಂದಲೇ ವಿಷಕ್ಕೂ ಹೆಸರು ಬಂತು. ಅದಾಗಿ ಆರು ವರ್ಷಕ್ಕೆ, 1966ರಲ್ಲಿ, ಆಗಿನ ಮೈಸೂರು ರಾಜ್ಯದಲ್ಲೇ ಕಡಲೆಕಾಯಿ ಹಿಂಡಿ ತಿಂದ ಕೋಳಿಮರಿಗಳು ಸತ್ತ ಪ್ರಕರಣ ಪಶುವೈದ್ಯರ ದಾಖಲೆ ಸೇರಿತು. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಗಡಿಯ ಬುಡಕಟ್ಟು ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು 397 ಜನಕ್ಕೆ ಕಾಮಾಲೆ ಬಂತು, 106 ಜನ ತೀರಿಕೊಂಡರು. ಅದೇ ಮನೆಗಳ ನಾಯಿಗಳೂ ಸತ್ತವು. ಅನ್ನಕ್ಕೊಂದು ಕಾಳು, ಮೇವಿಗೊಂದು ಕಾಳು ಎಂದು ಬೇರೆ ಮಾಡುವ ಶಕ್ತಿ ಆ ಮನೆಗಳಿಗೆ ಇರಲಿಲ್ಲ.

ಈ ಬೂಷ್ಟು ಗೋದಾಮಿನಲ್ಲಿ ಮಾತ್ರ ಹುಟ್ಟುವುದಿಲ್ಲ. ಚಳ್ಳಕೆರೆ, ಪಾವಗಡ, ಶಿರಾ ಸೀಮೆಯ ರೈತರು ಮಳೆ ಹಿಂತೆಗೆದ ವರ್ಷದ ಕಡಲೆಕಾಯಿಯನ್ನು ಬಲ್ಲರು: ಕಾಯಿ ಕಟ್ಟಿ ಬಲಿಯುವ ಕೊನೆಯ ವಾರಗಳಲ್ಲಿ ಭೂಮಿ ಕಾದು ಒಣಗುತ್ತದೆ, ಗಿಡ ಸೊರಗುತ್ತದೆ. ಮಣ್ಣಿನಲ್ಲೇ ಇರುವ ಬೂಷ್ಟು ಆಗ ಕಾಯಿಯೊಳಕ್ಕೆ ನುಗ್ಗುತ್ತದೆ. ಕಿತ್ತ ಮೇಲೆ ಸರಿಯಾಗಿ ಒಣಗಿಸದೆ ಚೀಲಕ್ಕೆ ತುಂಬಿದರೆ ಅದು ಇನ್ನಷ್ಟು ಬೆಳೆಯುತ್ತದೆ. ಎಣ್ಣೆ ಗಿರಣಿಗೆ ಹೋದಾಗ ಒಳ್ಳೆಯ ಬೀಜ ಆರಿಸಿ ತಿನ್ನುವ ಮಾರುಕಟ್ಟೆಗೆ, ಮುರುಕು, ಸುರುಟು, ಕಪ್ಪು ಬೀಜ ಗಾಣಕ್ಕೆ. ವಿಷದ ಬಹುಪಾಲು ಎಣ್ಣೆಯ ಜೊತೆ ಹೋಗದೆ ಹಿಂಡಿಯಲ್ಲಿ ನಿಲ್ಲುತ್ತದೆ. ದಾವಣಗೆರೆ, ಹಾವೇರಿ ಕಡೆ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದಾಗ ರಸ್ತೆಯ ಮೇಲೆ ಹರಡಿದ ಮೆಕ್ಕೆಜೋಳ ನೆನೆದು, ಒಣಗಿ, ಮತ್ತೆ ನೆನೆಯುತ್ತದೆ. ಒಣಗಿಸುವ ಯಂತ್ರ ಎಲ್ಲ ಮಾರುಕಟ್ಟೆಗಳಲ್ಲಿ ಇಲ್ಲ. ಕೋಳಿ ಫಾರಂನವರು ತಕರಾರು ಮಾಡಿ ವಾಪಸು ಕಳಿಸಿದ ಲಾಟು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿದರೆ, ಕೊನೆಗೆ ಯಾರ ಕೊಟ್ಟಿಗೆ ಎಂಬುದು ಊಹಿಸಲು ಕಷ್ಟವಲ್ಲ.

ಹಸುವಿನ ಹೊಟ್ಟೆಗೆ ಹೋದ ಅಫ್ಲಾಟಾಕ್ಸಿನ್ ಬಿ1 ಯಕೃತ್ತಿನಲ್ಲಿ ಎಂ1 ಆಗಿ ಬದಲಾಗಿ, ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಹಾಲಿನಲ್ಲಿ ಕಾಣಿಸುತ್ತದೆ. ತಿಂದದ್ದರಲ್ಲಿ ನೂರಕ್ಕೆ ಒಂದರಿಂದ ಆರು ಪಾಲು ಹೀಗೆ ಹಾಲಿಗೆ ಬರುತ್ತದೆ. ಹೆಚ್ಚು ಹಾಲು ಕೊಡುವ ಹಸುವಿನಲ್ಲಿ ಹೆಚ್ಚು. ಲೆಕ್ಕ ಹಾಕಿ ನೋಡಬಹುದು. ದಿನಕ್ಕೆ ಹತ್ತು ಲೀಟರ್ ಕೊಡುವ ಹಸು ಐದು ಕಿಲೋ ಪಶು ಆಹಾರ ತಿನ್ನುತ್ತದೆ, ಆ ಆಹಾರದಲ್ಲಿ ಕಿಲೋಗೆ 20 ಮೈಕ್ರೋಗ್ರಾಂ ಬಿ1 ಇದೆ ಎಂದುಕೊಳ್ಳಿ. ಹೊಟ್ಟೆಗೆ ಹೋದದ್ದು 100 ಮೈಕ್ರೋಗ್ರಾಂ, ನೂರಕ್ಕೆ ಎರಡರಂತೆ ಹಾಲಿಗೆ ಇಳಿದದ್ದು 2, ಲೀಟರಿಗೆ 0.2. ನಮ್ಮ ದೇಶದ ಮಿತಿ 0.5, ಆದ್ದರಿಂದ ಆ ಹಾಲು ಪಾಸು. ಅದೇ ಹಸುವಿಗೆ ಕಿಲೋಗೆ 200 ಮೈಕ್ರೋಗ್ರಾಂ ವಿಷವಿರುವ ಕಡಲೆಕಾಯಿ ಹಿಂಡಿಯನ್ನು ಎರಡು ಕಿಲೋ ಇಟ್ಟರೆ ಲೀಟರಿಗೆ 0.8 ಬರುತ್ತದೆ. ಹಾಲು ಕಾಯಿಸಿದರೆ ಈ ವಿಷ ಹೋಗುವುದಿಲ್ಲ. ಪಾಶ್ಚರೀಕರಣಕ್ಕೂ ಜಗ್ಗುವುದಿಲ್ಲ. ಮೊಸರು, ಪನೀರಿಗೂ ಜೊತೆಯಲ್ಲೇ ಬರುತ್ತದೆ. ಯುರೋಪಿನವರು ಹಾಲಿಗೆ 0.05, ಅಂದರೆ ನಮ್ಮದರ ಹತ್ತರಲ್ಲಿ ಒಂದು ಪಾಲು, ಹಾಲುಹಸುವಿನ ಆಹಾರಕ್ಕೆ ಕಿಲೋಗೆ 5 ಮೈಕ್ರೋಗ್ರಾಂ ಎಂದು ಮಿತಿ ಇಟ್ಟಿದ್ದಾರೆ. ಮಗುವಿಗೆ ದಿನವೂ ಹಾಲು ಕುಡಿಸುವ ದೇಶದಲ್ಲಿ ಈ ಅಂತರವನ್ನು ಹಗುರವಾಗಿ ನೋಡಬಾರದು. ಸಮಾಧಾನದ ಸಂಗತಿಯೂ ಒಂದುಂಟು: ಕೆಟ್ಟ ಹಿಂಡಿ ನಿಲ್ಲಿಸಿದರೆ ಮೂರು ನಾಲ್ಕು ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ. ಯಾವ ಚೀಲ ಕೆಟ್ಟದ್ದೆಂದು ಗೊತ್ತಾದರೆ ಸಾಕು, ಮದ್ದು ಬೇಕಿಲ್ಲ.

ಗೊತ್ತು ಮಾಡಿಕೊಳ್ಳುವುದೇ ಕಷ್ಟ. ಒಂದು ಲಾರಿ ಹಿಂಡಿಯಲ್ಲಿ ವಿಷ ಒಂದೇ ಸಮನೆ ಹರಡಿರುವುದಿಲ್ಲ. ಸಾವಿರಾರು ಬೀಜಗಳಲ್ಲಿ ಕೆಲವೇ ಬೀಜ ಪೂರ್ತಿ ಹಾಳಾಗಿ, ಇಡೀ ಲಾಟಿನ ವಿಷ ಅವುಗಳಲ್ಲೇ ಗಟ್ಟಿಯಾಗಿರುತ್ತದೆ. ಒಂದು ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು ಲ್ಯಾಬಿಗೆ ಕಳಿಸಿದರೆ ‘ಏನೂ ಇಲ್ಲ’ ಎಂಬ ವರದಿ ಬರಬಹುದು, ಪಕ್ಕದ ಚೀಲದಲ್ಲಿ ಮಿತಿಯ ಹತ್ತು ಪಟ್ಟು ಇರಬಹುದು. ಹಲವು ಚೀಲಗಳಿಂದ, ಮೇಲಿಂದಲೂ ಬುಡದಿಂದಲೂ ತೆಗೆದು, ಕಲಸಿ, ಪುಡಿ ಮಾಡಿ, ಅದರಲ್ಲಿ ಒಂದು ಪಾಲು ಪರೀಕ್ಷಿಸಬೇಕು. ಸ್ಥಳದಲ್ಲೇ ನೋಡುವ ಪರೀಕ್ಷಾ ಪಟ್ಟಿಗಳು ಈಗ ಸಿಗುತ್ತವೆ. ಲ್ಯಾಬಿನಲ್ಲಿ ವಿಷ ಅಳೆಯುವ ಎಲೈಸಾ ಪರೀಕ್ಷೆಯನ್ನು ಕಡಿಮೆ ಖರ್ಚಿಗೆ ತಂದುಕೊಟ್ಟವರಲ್ಲಿ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಿದ್ದಾರೆ. ಎರಡು ಹಸು ಕಟ್ಟಿದ ಮನೆಯವರು ಇಷ್ಟೆಲ್ಲ ಮಾಡಲಾರರು. ಅವರು ಮಾಡಬಲ್ಲದ್ದು ಕಣ್ಣು, ಮೂಗಿನ ಪರೀಕ್ಷೆ: ಗಂಟು ಕಟ್ಟಿದೆಯೇ, ಮುಗ್ಗಲು ವಾಸನೆ ಇದೆಯೇ, ಹಸಿರು ಹಳದಿ ಬೂಷ್ಟು ಕಾಣುತ್ತದೆಯೇ ಎಂದು ನೋಡುವುದು, ಚೀಲವನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಹಲಗೆಯ ಮೇಲಿಡುವುದು. ಬೂಷ್ಟು ಕಾಣದಿದ್ದರೂ ವಿಷ ಉಳಿದಿರಬಹುದು, ಆದ್ದರಿಂದ ಇದು ಅರ್ಧ ಕಾವಲು ಮಾತ್ರ. ಬೂಷ್ಟು ಬಂದದ್ದನ್ನು ಬಿಸಿಲಿಗೆ ಹಾಕಿ ಉಜ್ಜಿ ತಿನ್ನಿಸುವ ರೂಢಿ ಬಿಡಲೇಬೇಕು.

ಗುಣಮಟ್ಟದ ಮೋಸಗಳು ಹಳೆಯವು. ತೌಡಿಗೆ ಬತ್ತದ ಹೊಟ್ಟಿನ ಪುಡಿ, ಬೂಸಾಕ್ಕೆ ಮರದ ಪುಡಿ, ಹಿಂಡಿಗೆ ಮರಳು. ಹಸುವಿಗೆ ವಿಷವಾದ ಹರಳು ಹಿಂಡಿಯೂ ಅಗ್ಗವೆಂದು ಬೆರೆತು ಬಂದದ್ದುಂಟು. ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಪ್ರೋಟೀನಿನ ಲೆಕ್ಕದಲ್ಲಿ ನಡೆಯುವ ಮೋಸ. ಲ್ಯಾಬಿನಲ್ಲಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46. ಗುಣಿಸಿದರೆ ನೂರಕ್ಕೆ 287. ಒಂದು ಕಿಲೋ ಯೂರಿಯಾ ಹಾಕಿದರೆ ಕಾಗದದ ಮೇಲೆ ಸುಮಾರು ಮೂರು ಕಿಲೋ ‘ಪ್ರೋಟೀನ್’ ಏರುತ್ತದೆ. 2008ರಲ್ಲಿ ಚೀನಾದಲ್ಲಿ ಮಕ್ಕಳ ಹಾಲಿನ ಪುಡಿಗೆ ಮೆಲಮೈನ್ ಬೆರೆಸಿದ್ದರ ಹಿಂದೆ ಇದೇ ಗುಣಾಕಾರವಿತ್ತು. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಸ್ವಲ್ಪ ಯೂರಿಯಾವನ್ನು ನಿಜವಾದ ಪ್ರೋಟೀನ್ ಆಗಿ ಮಾಡಬಲ್ಲವು ಎಂಬುದು ದಿಟ. ಅದಕ್ಕೇ ಭಾರತೀಯ ಮಾನಕ ಸಂಸ್ಥೆಯಾದ ಬಿಐಎಸ್‌ನ ಐಎಸ್ 2052 ಮಾನಕ ಎರಡನೆಯ ದರ್ಜೆಯ ಪಶು ಆಹಾರದಲ್ಲಿ ನೂರಕ್ಕೆ ಒಂದರವರೆಗೆ ಯೂರಿಯಾ ಬಿಡುತ್ತದೆ. ಆದರೆ ಎಳೆಗರುವಿಗೆ ಅದು ದಕ್ಕುವುದಿಲ್ಲ, ಅಳತೆ ತಪ್ಪಿದರೆ ದೊಡ್ಡ ಹಸುವೂ ಹೊಟ್ಟೆಯುಬ್ಬಿ ನಡುಗಿ ಬೀಳುತ್ತದೆ.

ಆ ಮಾನಕದ 2009ರ ಆವೃತ್ತಿ ಒಂದನೆಯ ದರ್ಜೆಗೆ ಕನಿಷ್ಠ 22, ಎರಡನೆಯದಕ್ಕೆ 20 ಪಾಲು ಪ್ರೋಟೀನ್, ತೇವ 11ಕ್ಕಿಂತ ಹೆಚ್ಚಿರಬಾರದು, ಅಫ್ಲಾಟಾಕ್ಸಿನ್ ಬಿ1 ಕಿಲೋಗೆ 20 ಮೈಕ್ರೋಗ್ರಾಂ ದಾಟಬಾರದು ಎಂದು ಹೇಳಿತ್ತು. ಕರ್ನಾಟಕದ ಹಾಲು ಮಹಾಮಂಡಳವಾದ ಕೆಎಂಎಫ್‌ಗೆ ರಾಜಾನುಕುಂಟೆ, ಗುಬ್ಬಿ, ಧಾರವಾಡ, ಹಾಸನ, ಶಿಕಾರಿಪುರಗಳಲ್ಲಿ ಪಶು ಆಹಾರ ಘಟಕಗಳಿವೆ. ಇಂಥ ದೊಡ್ಡ ಘಟಕಗಳಲ್ಲಿ ಒಳಬರುವ ಸರಕನ್ನು ನೋಡುವ ಲ್ಯಾಬು ಇರುತ್ತದೆ. ನನ್ನ ಆತಂಕ ಚೀಲದ ಮೇಲೆ ಮುದ್ರೆಯಿಲ್ಲದ ಆಹಾರದ್ದು: ಪೇಟೆಯ ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಡುವ ಹಿಂಡಿ, ಸಣ್ಣ ಗಿರಣಿಯ ಮಿಕ್ಸ್, ಬೆಂಗಳೂರಿನ ಸುತ್ತ ಡ್ರಮ್ಮುಗಳಲ್ಲಿ ಬರುವ ಬಿಯರ್ ವೇಸ್ಟು. ಈ ಕೊನೆಯದು ಹಸಿಯಾಗಿರುವುದರಿಂದ ಎರಡು ಮೂರು ದಿನದಲ್ಲೇ ಹಳಸಿ ಬೂಷ್ಟು ಕಟ್ಟುತ್ತದೆ.

ಕಾನೂನಿನ ಕಡೆ ತಿರುಗಿದರೆ ಕಾಣುವುದು ಒಂದು ದೊಡ್ಡ ಬಿರುಕು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ತನ್ನ ವ್ಯಾಪ್ತಿಯಿಂದ ಪಶು ಆಹಾರವನ್ನು ವ್ಯಾಖ್ಯಾನದಲ್ಲೇ ಹೊರಗಿಟ್ಟಿದೆ. ಬಿಐಎಸ್ ಮಾನಕ ಬಹುಕಾಲ ಸ್ವಇಚ್ಛೆಯದಾಗಿಯೇ ಉಳಿಯಿತು. ಹಾಲಿನ ಸಮೀಕ್ಷೆಯ ಬಳಿಕ ಎಫ್‌ಎಸ್‌ಎಸ್‌ಎಐ ಹಾಲು, ಮಾಂಸದ ಪ್ರಾಣಿಗಳಿಗೆ ಮಾರುವ ಸಿದ್ಧ ಆಹಾರ ಬಿಐಎಸ್ ಮಾನಕಕ್ಕೆ ಒಪ್ಪಿ ಅದರ ಮುದ್ರೆ ಹೊಂದಿರಬೇಕೆಂದು ಆದೇಶಿಸಿತು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಪಂಜಾಬಿನಲ್ಲಿ 1988ರಿಂದಲೇ ಪಶು ಆಹಾರ, ಹಿಂಡಿ, ಖನಿಜ ಮಿಶ್ರಣಗಳಿಗೆ ಪ್ರತ್ಯೇಕ ನಿಯಂತ್ರಣ ಆದೇಶವಿದೆ. ಕೇರಳ 2022ರಲ್ಲಿ ಇಂಥದೇ ಮಸೂದೆಯನ್ನು ಕೈಗೆತ್ತಿಕೊಂಡಿತು. ಹಾಲಿನಲ್ಲಿ ದೇಶದ ಮುಂಚೂಣಿಯ ರಾಜ್ಯಗಳಲ್ಲಿ ಒಂದಾದ ಕರ್ನಾಟಕ ಈ ವಿಷಯದಲ್ಲಿ ಮುಂದೆ ನಿಲ್ಲಬೇಕಿತ್ತು.

ಆಹಾರ ತಪ್ಪಿದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಬ್ರಿಟನ್ನಿನ ಹುಚ್ಚುಹಸು ರೋಗಕ್ಕಿಂತ ಕಠೋರ ಉದಾಹರಣೆ ಇಲ್ಲ. ಹುಲ್ಲು ತಿನ್ನುವ ಪ್ರಾಣಿಗೆ ಅಗ್ಗದ ಪ್ರೋಟೀನ್ ಎಂದು ಸತ್ತ ದನಕುರಿಗಳ ಮಾಂಸ, ಮೂಳೆಯ ಪುಡಿ ತಿನ್ನಿಸಿದರು. 1986ರಲ್ಲಿ ರೋಗ ಗುರುತಾಯಿತು, 1988ರಲ್ಲಿ ಆ ಪುಡಿಗೆ ನಿಷೇಧ ಬಂತು. 1996ರ ಮಾರ್ಚ್‌ನಲ್ಲಿ ರೋಗ ಮನುಷ್ಯರಿಗೂ ದಾಟಿರುವ ಸಾಧ್ಯತೆಯನ್ನು ಅಲ್ಲಿನ ಸರ್ಕಾರ ಒಪ್ಪಿಕೊಂಡಿತು. ನಲವತ್ತು ಲಕ್ಷಕ್ಕೂ ಹೆಚ್ಚು ದನಗಳನ್ನು ಕೊಂದರು. ಆಂಟಿಬಯೋಟಿಕ್ಕುಗಳ ಕಥೆಯೂ ಆಹಾರದ ಚೀಲದಲ್ಲೇ ಇದೆ. ಕೋಳಿ ಬೇಗ ಕೊಬ್ಬಲೆಂದು ಆಹಾರಕ್ಕೆ ಆಂಟಿಬಯೋಟಿಕ್ ಬೆರೆಸುವುದನ್ನು ಯುರೋಪ್ 2006ರಲ್ಲಿ ಪೂರ್ತಿ ನಿಲ್ಲಿಸಿತು. ನಮ್ಮಲ್ಲಿ ಮನುಷ್ಯರಿಗೆ ಕೊನೆಯ ಆಸರೆಯಾಗಿ ಉಳಿದಿರುವ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದೆಂದು 2019ರ ಜುಲೈಯಲ್ಲಿ ನಿಷೇಧಿಸಿದರು.

ನಮ್ಮ ಹಳ್ಳಿಗಳಲ್ಲಿ ದನ ಸಾಯುವುದು ಮಾತ್ರ ಇವಕ್ಕಿಂತ ಸಾಮಾನ್ಯ ಕಾರಣಗಳಿಂದ. ಮದುವೆ, ಜಾತ್ರೆಯ ಮರುದಿನ ಉಳಿದ ಅನ್ನವನ್ನು ಚೆಲ್ಲುವುದು ಪಾಪ ಎಂದು ಬಕೆಟ್ಟುಗಟ್ಟಲೆ ಹಸುವಿಗೆ ಸುರಿಯುತ್ತಾರೆ. ಪಿಷ್ಟ ಒಮ್ಮೆಲೇ ಹುಳಿತು ಹೊಟ್ಟೆಯಲ್ಲಿ ಆಮ್ಲ ಏರಿ, ಮೆಲುಕು ನಿಂತು, ಒಂದೆರಡು ದಿನದಲ್ಲಿ ಹಸು ಮಲಗಿಬಿಡುತ್ತದೆ. ಉತ್ತರ ಕರ್ನಾಟಕದಲ್ಲಿ ಬಿಸಿಲಿಗೆ ಬಾಡಿದ ಎಳೆಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆ ಮೇಯ್ದ ದನ ಹೊಲದಲ್ಲೇ ಒದ್ದಾಡುತ್ತದೆ. ಆ ಎಲೆಯಲ್ಲಿರುವುದು ಸಯನೈಡ್. ಹೂ ಬಿಟ್ಟ ಮೇಲೆ ಕೊಯ್ದು, ಚೆನ್ನಾಗಿ ಒಣಗಿಸಿ ಹಾಕಿದರೆ ಅಪಾಯ ತೀರಾ ಕಡಿಮೆ. ಹಿರಿಯರಿಗೆ ಗೊತ್ತಿದ್ದ ಈ ಎಚ್ಚರ, ದನ ಕಾಯುವವರು ಇಲ್ಲದ ಮನೆಗಳಲ್ಲಿ ಮರೆಯಾಗುತ್ತಿದೆ.

ಪೋಷಣೆಯ ವಿಷಯದಲ್ಲಿ ನಮ್ಮ ಮೊದಲ ಬಡತನ ಮೇವಿನದು. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆ ಒಂದು ದಶಕದ ಹಿಂದೆ ಹಾಕಿದ ಅಂದಾಜಿನಲ್ಲಿ ದೇಶಕ್ಕೆ ಹಸಿಮೇವು ನೂರಕ್ಕೆ 35.6, ಒಣಮೇವು ಸುಮಾರು 11, ಹಿಂಡಿ ಕಾಳಿನ ಬಗೆಯ ಆಹಾರ 44 ಪಾಲು ಕೊರತೆ. ಸಾಗುವಳಿ ಭೂಮಿಯಲ್ಲಿ ಮೇವಿಗೆ ಬಿಟ್ಟದ್ದು ನೂರಕ್ಕೆ ನಾಲ್ಕರ ಆಸುಪಾಸು. ಯಂತ್ರದ ಕೊಯ್ಲು ಬಂದ ಮೇಲೆ ಬತ್ತದ ಹುಲ್ಲು ಗದ್ದೆಯಲ್ಲೇ ಚೂರಾಗಿ ಉಳಿಯುತ್ತದೆ. ಗಿಡ್ಡ ತಳಿಗಳು ಕಾಳು ಹೆಚ್ಚಿಸಿ ಹುಲ್ಲು ಇಳಿಸಿದವು. ರಾಗಿ ಹುಲ್ಲಿನ ಬಣವೆ ಇದ್ದ ಮನೆ ಈ ವಿಷಯದಲ್ಲಿ ಪುಣ್ಯವಂತ ಮನೆ, ಏಕೆಂದರೆ ಬತ್ತದ ಹುಲ್ಲಿನ ಮರಳಿನಂಥ ಸಿಲಿಕಾ ಜೀರ್ಣಕ್ಕೆ ಅಡ್ಡಿ, ಅದರ ಆಕ್ಸಲೇಟ್ ಸುಣ್ಣಾಂಶವನ್ನು ಹಿಡಿದಿಟ್ಟುಬಿಡುತ್ತದೆ. ಬತ್ತದ ಹುಲ್ಲೇ ಗತಿಯಾದವರಿಗೆ ಒಂದು ಉಪಾಯ ದಶಕಗಳಿಂದ ಇದೆ: ನೂರು ಕಿಲೋ ಹುಲ್ಲಿಗೆ ನಾಲ್ಕು ಕಿಲೋ ಯೂರಿಯಾವನ್ನು ನಲವತ್ತೈವತ್ತು ಲೀಟರ್ ನೀರಿನಲ್ಲಿ ಕರಗಿಸಿ ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮುಚ್ಚಿ ಇಪ್ಪತ್ತೊಂದು ದಿನ ಬಿಡುವುದು. ಹುಲ್ಲು ಮೆತ್ತಗಾಗುತ್ತದೆ, ಅದರ ಪ್ರೋಟೀನ್ ಅಂಶ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಕೃಷಿ ಮೇಳಗಳಲ್ಲಿ ತೋರಿಸಿದಷ್ಟು ಇದು ಕೊಟ್ಟಿಗೆಗಳಿಗೆ ಇಳಿಯಲಿಲ್ಲ. ಮೂರು ವಾರ ಕಾಯುವಷ್ಟು ಹುಲ್ಲು, ಜಾಗ, ಆಳು ಮೂರೂ ಸಣ್ಣ ರೈತನ ಬಳಿ ಒಟ್ಟಿಗೆ ಇರುವುದಿಲ್ಲ, ಕಾರಣ ಅಷ್ಟೇ.

‘ಹಸು ಬೆದೆಗೆ ಬರುತ್ತಿಲ್ಲ, ಬಂದರೂ ಗಬ್ಬ ನಿಲ್ಲುತ್ತಿಲ್ಲ’ ಎಂಬ ದೂರು ಪಶುವೈದ್ಯರ ಬಳಿ ಸದಾ ಇರುತ್ತದೆ. ಹಲವು ಬಾರಿ ಇದರ ಹಿಂದಿರುವುದು ಖನಿಜಗಳ ಕೊರತೆ. ಹಸು ಬಟ್ಟೆ ಅಗಿಯುವುದು, ಗೋಡೆ ನೆಕ್ಕುವುದು, ಮೂಳೆ ಕಚ್ಚುವುದು ರಂಜಕ ಮತ್ತಿತರ ಖನಿಜಗಳ ಕೊರತೆಯ ಲಕ್ಷಣಗಳು. ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಶುರುವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಮಣ್ಣು, ಮೇವು, ದನದ ರಕ್ತ ಮೂರನ್ನೂ ನೋಡಿ ಪ್ರದೇಶಕ್ಕೊಂದು ಖನಿಜ ಮಿಶ್ರಣ ರೂಪಿಸಿತು. ಎಲ್ಲ ಕಡೆಗೂ ಒಂದೇ ಪುಡಿ ಮಾರುವುದಕ್ಕಿಂತ ಇದು ಅಗ್ಗ, ಹೆಚ್ಚು ಉಪಯೋಗ. 2012ರಲ್ಲಿ ಶುರುವಾದ ರಾಷ್ಟ್ರೀಯ ಹೈನು ಯೋಜನೆಯಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯಾದ ಎನ್‌ಡಿಡಿಬಿ ಊರಿನ ಒಬ್ಬರಿಗೇ ತರಬೇತಿ ಕೊಟ್ಟು, ಆ ಮನೆಯಲ್ಲಿರುವ ಮೇವು, ಹಿಂಡಿಯಿಂದಲೇ ಹಸುವಿನ ಹಾಲಿಗೆ ತಕ್ಕ ಲೆಕ್ಕ ಹಾಕಿಕೊಡುವ ವ್ಯವಸ್ಥೆ ಮಾಡಿತು. ಹಲವು ಕಡೆ ಹಾಲು ತುಸು ಏರಿತು, ಖರ್ಚು ಇಳಿಯಿತು. ಹೆಚ್ಚು ಹಿಂಡಿ ಇಟ್ಟರೆ ಹೆಚ್ಚು ಹಾಲು ಎಂಬ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರ ಕಾಣೆ.

ಈ ಎಲ್ಲ ಜ್ಞಾನ ನಮ್ಮ ಕೈಯಲ್ಲೇ ಇರುವಾಗ ಹಿಂಡಿಯ ಪರೀಕ್ಷೆ ಊರಿಗೆ ಬಾರದಿರುವುದು ನನಗೆ ನೋವಿನ ಸಂಗತಿ. ಮೊದಲ ಹೆಜ್ಜೆಗೆ ಹೊಸ ಕಟ್ಟಡ ಬೇಕಿಲ್ಲ. ಹಳ್ಳಿಗಳ ಹಾಲು ಬಂದು ಸೇರಿ ತಂಪಾಗುವ ಬಿಎಂಸಿ ಘಟಕಗಳಲ್ಲಿ ವಾರಕ್ಕೊಮ್ಮೆ ಎಂ1 ನೋಡಬಹುದು. ಒಂದು ಘಟಕದ ಹಾಲು ಮಿತಿಯ ಹತ್ತಿರ ಬಂದಾಗ ಆ ಘಟಕಕ್ಕೆ ಹಾಲು ಹಾಕುವ ಊರುಗಳು, ಆ ಊರುಗಳು ಆ ವಾರ ಹಿಂಡಿ ತಂದ ಅಂಗಡಿ, ಅಂಗಡಿಗೆ ಸರಕು ಬಂದ ಗಿರಣಿ ಹೀಗೆ ಹಿಂದಕ್ಕೆ ಹೋಗಬಹುದು. ಅದು ಸಾಧ್ಯವಾಗಬೇಕಾದರೆ ಬಿಡಿ ಹಿಂಡಿಗೂ ರಸೀದಿ ಬೇಕು, ಚೀಲದ ಮೇಲೆ ಗಿರಣಿಯ ಹೆಸರು, ದಿನಾಂಕ ಬೇಕು, ಗಿರಣಿಯಿಂದ ಮಾದರಿ ತೆಗೆಯುವ ಅಧಿಕಾರ ಯಾರಿಗಾದರೂ ಇರಬೇಕು. ಮುಖ್ಯವಾಗಿ, ಹಾಲು ತಿರಸ್ಕಾರವಾದ ಮೂರು ನಾಲ್ಕು ದಿನದ ನಷ್ಟವನ್ನು ರೈತನ ಮೇಲೆ ಹೊರಿಸಬಾರದು. ಈಗ ಹಾಲು ವಾಪಸಾದರೆ ಪೆಟ್ಟು ಬೀಳುವುದು ಹಾಲು ಹಾಕಿದವರಿಗೆ, ಎರಡು ಹಸುವಿನಿಂದ ಮನೆ ನಡೆಸುವ ಹೆಂಗಸಿಗೆ; ಕೆಟ್ಟ ಹಿಂಡಿ ಮಾರಿದವರ ಹಣ ಅಷ್ಟೊತ್ತಿಗೆ ಗಲ್ಲಾ ಸೇರಿರುತ್ತದೆ. ಆ ನಷ್ಟ ಗಿರಣಿಯ ಲೆಕ್ಕಕ್ಕೆ ಬೀಳುವಂಥ ನಿಯಮ ಬಂದ ದಿನದಿಂದ ಮುರುಕು ಬೀಜದ ಲಾಟನ್ನು ಗಾಣಕ್ಕೆ ಹಾಕುವ ಮುಂಚೆ ಗಿರಣಿಯವರೇ ಪರೀಕ್ಷೆ ಮಾಡಿಸುತ್ತಾರೆ.